ನನ್ನ ಹೆಸರಿನಲ್ಲಿ ಅಪ್ಪಾವರ ಗುಳಿಗೆ

ಶ್ರಾವಣ ಮುಗಿಯುವ ಹೊತ್ತಿಗೆ ಅಪ್ಪಾವರ ಕಾಲ್ಬೆರಳ ಸಂದಿಗಳು ನೀರು ಹತ್ತಿ ಬೆಳ್ಳಗೆ ಬೆಂದು ಹೋಗಿರುತ್ತಿದ್ದವು. ತಿಂಗಳುದ್ದಕ್ಕೂ ಪಾದಪೂಜೆ. ಬೆಳಿಗ್ಗೆ ನಾಲ್ಕು ಮನೆ, ಸಂಜೆ ನಾಲ್ಕು ಮನೆ. ಹೋದಲ್ಲೆಲ್ಲ ಹಿತ್ತಾಳೆ ತಾಟಿನಲ್ಲಿ ಕಾಲಿಡಬೇಕು, ಮನೆಯವರು ಹಾಲು ನೀರು ಸುರಿಯುವವರೆಗೆ ಕದಲಬಾರದು, ಹಸಿ ಕಾಲಲ್ಲೇ ಮುಂದಿನ ಮನೆಗೆ ನಡೆಯಬೇಕು. ಮಠಕ್ಕೆ ಬಂದ ಮೇಲೆ ಅವರು ಕಿಟಕಿಯ ಬಿಸಿಲಿಗೆ ಕಾಲು ಚಾಚಿ, ಒಂದೊಂದೇ ಬೆರಳು ಬಿಡಿಸಿ, ಕೂಸುಗಳಿಗೆ ಹಚ್ಚುವ ಪೌಡರು ಉದುರಿಸಿಕೊಳ್ಳುತ್ತಿದ್ದರು. ಆ ಹುಣ್ಣುಗಳ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು. ನನ್ನ ಕಾಲಿಗೆ ಇಲ್ಲಿಯವರೆಗೆ ಆದದ್ದೆಲ್ಲ ಚಪ್ಪಲಿ ಕಚ್ಚಿದ ಗಾಯ.

ಅಪ್ಪಾವರು ಅಂದರೆ ಸಿಂದಗಿ ತಾಲೂಕಿನ ನಮ್ಮೂರ ಮಠದ ಸ್ವಾಮಿಗಳು. ನಮ್ಮ ಕಡೆ ಸ್ವಾಮಿಗಳನ್ನು ಅಪ್ಪಾರು ಎಂದೇ ಕರೆಯುವುದು. ನಾನು ಕನ್ನಡ ಮಾಸ್ತರ. ಮೊದಲು ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ, ಆಮೇಲೆ ಬಸವನ ಬಾಗೇವಾಡಿಯಲ್ಲಿ ಕಲಿಸಿ, ಅಲ್ಲಿಯೇ ಮನೆ ಕಟ್ಟಿಕೊಂಡು ನಿವೃತ್ತನಾದವನು. ನಾವಿಬ್ಬರೂ ಒಂದೇ ಓಣಿಯವರು, ಒಂದೇ ವಯಸ್ಸಿನವರು, ಇಬ್ಬರದೂ ಅಯ್ಯನವರ, ಅಂದರೆ ಜಂಗಮರ, ಮನೆತನ. ನಮಗೆ ಹನ್ನೆರಡು ವರ್ಷ ಇದ್ದಾಗ ಹಿರಿಯ ಸ್ವಾಮಿಗಳು ಇಬ್ಬರನ್ನೂ ಮಠಕ್ಕೆ ಕರೆಸಿದರು. ಒಬ್ಬನನ್ನು ಮರಿಯಾಗಿ, ಅಂದರೆ ಮುಂದೆ ಗಾದಿಗೆ ಕೂರುವವನಾಗಿ, ಆರಿಸುವುದಿತ್ತು.

ಆ ದಿನ ನಾನು ಐವತ್ತು ವಚನಗಳನ್ನು ಒಂದಕ್ಷರ ತಪ್ಪದೆ ಹೇಳಿದೆ. ಅವನಿಗೆ ಹತ್ತೂ ಬರಲಿಲ್ಲ. ಆಮೇಲೆ ನಮ್ಮನ್ನು ಇಷ್ಟಲಿಂಗ ಪೂಜೆಗೆ ಕೂರಿಸಿದರು. ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ರೆಪ್ಪೆ ಬಡಿಯದೆ ನೋಡಬೇಕು. ನಾನು ನೋಡಿದೆ, ಅವನೂ ನೋಡಿದ. ನೋಡುತ್ತ ನೋಡುತ್ತ ಅವನ ಕಣ್ಣಿಂದ ನೀರು ಇಳಿದು ಅಂಗೈಗೆ ಬಿತ್ತು. ಹಿರಿಯ ಸ್ವಾಮಿಗಳು ಎದ್ದು ಬಂದು ಅವನ ತಲೆಯ ಮೇಲೆ ಕೈಯಿಟ್ಟು, "ಕೂಸಿಗೆ ಭಕ್ತಿ ಒಲದೈತಿ," ಅಂದರು. ಅಲ್ಲಿಗೆ ಮುಗಿಯಿತು.

ಅವನ ತಾಯಿ ತೀರಿಕೊಂಡು ಆಗಿನ್ನೂ ನಾಲ್ಕು ತಿಂಗಳಾಗಿತ್ತು. ನಾನು ಮನೆಗೆ ಬಂದು, "ಅವ ಅವರವ್ವನ ನೆನಸಿ ಅತ್ತಾನಬೇ, ಭಕ್ತಿ ಅಲ್ಲ, ಏನಲ್ಲ," ಎಂದು ಕೂಗಾಡಿದೆ. ಅವ್ವ ನನ್ನ ಬಾಯಿಗೆ ಸೆರಗು ತುರುಕಿದಳು. ನಾನು ಹೇಳಿದ್ದು ಸತ್ಯ ಎಂದು ಅವಳಿಗೂ ಗೊತ್ತಿತ್ತು.

ಅವನು ಅಪ್ಪಾವರಾದ. 'ಲೇ' ಅನ್ನುತ್ತಿದ್ದವನಿಗೆ ನಾನು 'ರಿ' ಹಚ್ಚಬೇಕಾಯಿತು. ಅವರು ಮಾತ್ರ ಜನರಿಲ್ಲದಾಗ ನನ್ನನ್ನು 'ಲೇ ಮಾಸ್ತರ' ಎಂದೇ ಕರೆದರು. ಸಲಿಗೆಯಿಂದ ಕರೆಯುತ್ತಿದ್ದರು ಎಂದು ಈಗ ಒಪ್ಪುತ್ತೇನೆ. ಆಗ ಮೈಯೆಲ್ಲ ಉರಿಯುತ್ತಿತ್ತು. ಮಠಕ್ಕೆ ಯಾರೇ ಬರಲಿ, ಅವರು ಮೊದಲು ಕೇಳುವ ಮಾತು ಒಂದೇ: "ನಿಮ್ಮವ್ವ ಹೆಂಗದಾಳ?" ಮಂತ್ರಿ ಬಂದರೂ ಅದೇ, ಕುರಿ ಕಾಯುವವನು ಬಂದರೂ ಅದೇ. ಕಾವಿಯ ಮಡಿಕೆಯಲ್ಲಿ ಹುರಿದ ಶೇಂಗಾ ಇಟ್ಟುಕೊಂಡು, ಪ್ರವಚನಕಾರರು ಉದ್ದಕ್ಕೆ ಎಳೆದರೆ ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾನು ಅದೇ ವೇದಿಕೆಯ ಮೂಲೆಯಲ್ಲಿ ಮೈಕು ಹಿಡಿದು ನಿಂತು ಅವರನ್ನು 'ಪರಮಪೂಜ್ಯ' ಎಂದು ಹೊಗಳುತ್ತಿದ್ದೆ. ಮಠದ ಹ್ಯಾಂಡ್‌ಬಿಲ್ ಬರೆಯುವುದು, ನಿರೂಪಣೆ ಮಾಡುವುದು ನನ್ನ ಪಾಲಿನ ಸೇವೆ. ನಾನು ಕೂರಬೇಕಾಗಿದ್ದ ಗಾದಿಯನ್ನು ವರ್ಷಕ್ಕೆ ಹತ್ತು ಸಲ ನನ್ನ ಬಾಯಿಂದಲೇ ಹೊಗಳಬೇಕಾಗಿತ್ತು.

ಹೊಟ್ಟೆಕಿಚ್ಚಿನಿಂದ ಒಂದು ಲಾಭವಿದೆ. ಕಿಚ್ಚಿದ್ದವನು ಎದುರಿನವನನ್ನು ಸರಿಯಾಗಿ ನೋಡುತ್ತಾನೆ. ಅವರಿಗೆ ಐವತ್ತು ತುಂಬಿದ ವರ್ಷ ಏನೋ ತಪ್ಪಿದೆ ಎಂದು ಮೊದಲು ಕಂಡದ್ದು ನನಗೆ. ಶೇಂಗಾ ತಿನ್ನುವುದು ಬಿಟ್ಟಿದ್ದರು. ಬಂದವರ ತಾಯಿಯನ್ನು ವಿಚಾರಿಸುವುದು ನಿಂತಿತ್ತು. ಅರ್ಧ ತಾಸಿನಲ್ಲಿ ಮುಗಿಯುತ್ತಿದ್ದ ಪೂಜೆ ಎರಡು ತಾಸಾಯಿತು. ಪೂಜೆ ಮುಗಿಯದೆ ಊಟವಿಲ್ಲ, ಹಾಗಾಗಿ ಊಟವೂ ಅಷ್ಟಕ್ಕಷ್ಟೇ. ಭಕ್ತರು, "ಅಪ್ಪಾರ ಸಾಧನಿ ಎಲ್ಲಿಗೆ ಹೋಗಿ ಮುಟ್ಟೈತಿ ನೋಡ್ರಿ," ಎಂದು ಹೆಂಗಸರು ಮಕ್ಕಳನ್ನು ಕರೆತಂದು ಪೂಜೆ ತೋರಿಸಿದರು. ಇದೆಲ್ಲ ತೋರಿಕೆ, ಹೆಸರು ಮಾಡಿಕೊಳ್ಳುವ ಹೊಸ ದಾರಿ ಎಂದು ನಾನು ಒಳಗೊಳಗೇ ಮೂಗು ಮುರಿದೆ.

ಆಷಾಢದಲ್ಲಿ ಅವರು ಮಾತು ನಿಲ್ಲಿಸಿದರು. ಮಠದ ಕಮಿಟಿಯ ಹಿರಿಯರಾದ ಗೌಡರು ನನಗೆ ಫೋನು ಮಾಡಿದರು.

"ಮಾಸ್ತರ, ಅಪ್ಪಾರು ಎಂಟು ದಿನ ಆತು, ಒಂದು ಮಾತಾಡವಲ್ಲರು. ಮೌನಾನುಷ್ಠಾನಕ್ಕ ಕುಂತಾರ. ಚಂದಂಗ ಒಂದು ಹ್ಯಾಂಡ್‌ಬಿಲ್ ಬರದ ಕೊಡ್ರಿ."

"ಅವರಾಗೇ ಹೇಳಿದ್ರೇನ್ರಿ, ಅನುಷ್ಠಾನ ಅಂತ?"

"ಮೌನ ಇದ್ದಾವ್ರು ಹೆಂಗ ಹೇಳ್ತಾರ್ರಿ ಮಾಸ್ತರ?"

ಹಲ್ಲು ಕಚ್ಚಿಕೊಂಡು ಬರೆದೆ: ಲೋಕಕಲ್ಯಾಣಾರ್ಥವಾಗಿ ಇಪ್ಪತ್ತೊಂದು ದಿನಗಳ ಕಠಿಣ ಮೌನಾನುಷ್ಠಾನ, ದರ್ಶನಾಶೀರ್ವಾದ ಪಡೆದು ಪುನೀತರಾಗಬೇಕು. ನಾಲ್ಕೇ ದಿನದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳಗಳಿಂದ ಟೆಂಪೋ ಕಟ್ಟಿಕೊಂಡು ಜನ ಬಂದರು. ಮಠದ ಅಂಗಳದಲ್ಲಿ ಒಡೆದ ಕಾಯಿಯ ಚಿಪ್ಪು ರಾಶಿಯಾಯಿತು. ನನಗೆ ಜ್ವರ ಬಂದು ಮಲಗಿದರೆ, "ಎಷ್ಟೊತ್ತು ಮಲಗ್ತೀರಿ, ಏಳ್ರಿ," ಅನ್ನುವವಳು ನನ್ನ ಹೆಂಡತಿ. ಇವರು ಸುಮ್ಮನೆ ಕೂತರೆ ಊರಿಗೆ ಊರೇ ಬಂದು ಬೀಳುತ್ತದಲ್ಲ ಎಂದು ಸಂಕಟವಾಯಿತು. ಆ ಸಂಕಟದಿಂದಲೇ, ಹೋಗಿ ಹತ್ತಿರದಿಂದ ನೋಡಿಬರೋಣ ಎಂದು ಹೊರಟೆ.

ಮೂರು ತಾಸು ಸಾಲಿನಲ್ಲಿ ನಿಂತೆ. ನನ್ನ ಮುಂದಿನವರೆಲ್ಲ ಪಾದಕ್ಕೆ ಹಣೆ ಹಚ್ಚಿ ಹಚ್ಚಿ ಹೋದರು. ನಾನು ಯಾವಾಗಲೂ ಮಾಡುವ ಹಾಗೆ ಅರ್ಧ ಬಗ್ಗಿ ಮುಖ ನೋಡಿದೆ. ಗಡ್ಡದ ಹಿಂದೆ ಗಲ್ಲ ಒಳಗೆ ಹೋಗಿತ್ತು. ಕಣ್ಣು ನನ್ನ ಮೇಲಿದ್ದವು, ಆದರೆ ನೋಡುತ್ತಿರಲಿಲ್ಲ. ಅವರು ಬೆರಳೆತ್ತಿ ನನ್ನನ್ನು ಕೂರಲು ಸನ್ನೆ ಮಾಡಿದರು. ದರ್ಶನ ಮುಗಿಸಿ ಬಾಗಿಲು ಹಾಕಿದ ಮೇಲೆ, ಬಹಳ ಹೊತ್ತಿಗೆ ಅವರ ಬಾಯಿಂದ ಮಾತು ಬಂತು.

"ಹ್ಯಾಂಡ್‌ಬಿಲ್ ನೀ ಬರದದ್ದಲ್ಲ? ಚಲೋ ಬರದೀ."

"ಹೌದ್ರಿ."

"ಅದು ಅನುಷ್ಠಾನ ಅಲ್ಲೋ ಮಾಸ್ತರ. ಮಾತ ಹೊರಗ ಬರವಲ್ದು. ಆಡಬೇಕಂದ್ರ ಕಲ್ಲ ಎತ್ತಿದಂಗ ಆಗ್ತೈತಿ." ನಡುನಡುವೆ ನಿಲ್ಲಿಸಿ ನಿಲ್ಲಿಸಿ ಹೇಳಿದರು. "ಪೂಜಾಕ ಕುಂತ್ರ ಅಂಗೈ ತಣ್ಣಗ ಆಗ್ತೈತಿ, ಅಷ್ಟ. ಮೊದಲ ಏನರ ಬರ್ತಿತ್ತು. ಈಗ ಬರ್ತೈತೇನೋ ಅಂತ ಎರಡು ತಾಸ ಕಾದು ಕುಂಡ್ರತೇನಿ. ಏನೂ ಬರೂದಿಲ್ಲ. ಇದು ರೋಗ ಏನು, ಇಲ್ಲಾ ದೇವರ ನನ್ನ ಬಿಟ್ಟಾನೇನು? ಅಷ್ಟು ತಿಳದ್ರ ಸಾಕು ನನಗ."

ನನಗೆ ಖುಷಿಯಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಆಯಿತು. ನನ್ನ ಪೂಜೆ ದಿನಕ್ಕೆ ಹದಿನೈದು ನಿಮಿಷ, ಮುಗಿದಾಗ ಎದೆ ಹಗುರಾಗಿರುತ್ತದೆ, ಒಮ್ಮೊಮ್ಮೆ ಕಣ್ಣೂ ತುಂಬುತ್ತವೆ. ಗಾದಿ ಅವರದು, ದೇವರು ನನ್ನ ಕಡೆ. ಮೂವತ್ತೆಂಟು ವರ್ಷದ ಮೇಲೆ ಲೆಕ್ಕ ಸರಿಹೋಯಿತು ಅನ್ನಿಸಿತು.

"ಹೋದ ತಿಂಗಳ ಮುಳವಾಡಕ್ಕ ಹೋಗಿ ಬರೂ ಮುಂದ ಕೆನಾಲ ದಂಡಿಗೆ ಗಾಡಿ ನಿಲ್ಲಿಸಿದ್ದೆ," ಅಂದರು. "ಇಳದು ನಿಂತೆ. ನೀರ ಚಲೋ ಹರಿಯಾಕತ್ತಿತ್ತು. ಡ್ರೈವರ ಹಾರ್ನ್ ಹೊಡದ, ಬಂದು ಕುಂತೆ."

ನನ್ನ ಖುಷಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. "ಇದನ್ನ ನನಗ್ಯಾಕ ಹೇಳಾಕತ್ತೀರಿ? ಕಮಿಟಿಯವ್ರಿಗೆ ಹೇಳ್ರಿ," ಅಂದೆ.

"ಎಲ್ಲಾರೂ ಕಾಲ ನೋಡ್ತಾರ. ನೀ ಒಬ್ಬನ ಮಾರಿ ನೋಡ್ತೀ. ಸಣ್ಣಾವ ಇದ್ದಾಗಿಂದ ಹೊಟ್ಟಿಕಿಚ್ಚಿಲೆ ನೋಡ್ತೀ, ನನಗ ಗೊತ್ತೈತಿ. ಆದ್ರೂ ನೋಡ್ತೀಯಲ್ಲ."

ಇಪ್ಪತ್ತೊಂದು ದಿನ ಮುಗಿದ ಮರುದಿನವೇ, ಅವರು ನಮ್ಮ ಮನೆಗೆ ಪ್ರಸಾದಕ್ಕೆ ಬರುತ್ತಾರೆಂದು ಮಠದಲ್ಲಿ ಹೇಳಿ ಬಾಗೇವಾಡಿಗೆ ಕರೆತಂದೆ. ವಿಜಯಪುರದಲ್ಲಿ ಮನೋರೋಗದ ಡಾಕ್ಟರು ಒಬ್ಬರಿದ್ದಾರೆ ಎಂದು ವಿಚಾರಿಸಿಟ್ಟುಕೊಂಡಿದ್ದೆ. ಕಾವಿಯಲ್ಲಿ ಹೋದರೆ ಬಾಗಿಲಲ್ಲೇ ಯಾರಾದರೂ ಕಾಲಿಗೆ ಬೀಳುತ್ತಾರೆ, ಸಂಜೆಯೊಳಗೆ ನಾಲ್ಕೂ ತಾಲೂಕಿಗೆ ಸುದ್ದಿ. ಅದಕ್ಕೆ, ಮಗಳು ಮನೆಯಲ್ಲಿಲ್ಲದ ಹೊತ್ತು ನೋಡಿ, ನನ್ನ ಪ್ಯಾಂಟು, ನನ್ನ ಬಿಳಿ ಅಂಗಿ ಕೊಟ್ಟೆ. ಹಸಿ ಟವೆಲಿನಿಂದ ವಿಭೂತಿ ಅವರೇ ಒರೆಸಿಕೊಂಡರು. ಬರಿ ಹಣೆಯಲ್ಲಿ ಅವರು ಯಾರೋ ತಹಶೀಲ್ದಾರ ಕಚೇರಿಯ ಗುಮಾಸ್ತರ ಹಾಗೆ ಕಂಡರು. ನನ್ನ ಹೆಂಡತಿ, "ನಿಮಗಿಂತ ಅಪ್ಪಾರಿಗೇ ಆ ಅಂಗಿ ಒಪ್ಪತೈತ್ರಿ," ಅಂದಳು. ಅಷ್ಟರಲ್ಲಿ ನಾನು ಅವರ ಕಾವಿ ಮಡಿಸುತ್ತಿದ್ದೆ. ಮಡಿಸಿ ಮುಗಿದರೂ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದೆನಂತೆ. ಅವಳೇ ಬಂದು ಕಸಿದುಕೊಂಡು ದೇವರ ಜಗಲಿಯ ಮೇಲಿಟ್ಟಳು.

ದವಾಖಾನೆಯ ಕಿಟಕಿಯಲ್ಲಿ ಹುಡುಗಿ, "ಪೇಶಂಟ್ ಹೆಸರು?" ಅಂದಳು. ಅವರು ನನ್ನ ಮುಖ ನೋಡಿದರು. ನಾನು ಗಾಬರಿಯಲ್ಲಿ ನನ್ನ ಹೆಸರೇ ಹೇಳಿಬಿಟ್ಟೆ. ಆಮೇಲೆ ಎಲ್ಲವೂ ನನ್ನದೇ: ಊರು ಬಸವನ ಬಾಗೇವಾಡಿ, ಕೆಲಸ ಶಿಕ್ಷಕ, ಮದುವೆಯಾಗಿದೆ. "ಮಕ್ಕಳೆಷ್ಟ್ರಿ?" ಎಂದು ಅವಳು ಅವರನ್ನೇ ಕೇಳಿದಳು. "ಒಬ್ಬಾಕಿ ಮಗಳು," ಎಂದು ನಾನೇ ಹೇಳಿದೆ. ಡಾಕ್ಟರಮ್ಮ ನನ್ನನ್ನು ಹೊರಗೆ ಕಳಿಸಿ ಅವರೊಂದಿಗೆ ಒಂದು ತಾಸು ಮಾತಾಡಿದರು. ಒಳಗೆ ಅವರು ನಿಜ ಹೇಳಿರಬೇಕು, ಅಳುವ ದನಿ ಹೊರಗೆ ಕೇಳಿಸಿತು. ಆದರೆ ಚೀಟಿಯ ಮೇಲಿನ ಹೆಸರು ಹಾಗೆಯೇ ಉಳಿಯಿತು.

ಬಸ್ಸಿನಲ್ಲಿ ಬರುವಾಗ ಕೇಳಿದೆ, ಡಾಕ್ಟರು ಏನಂದರು ಎಂದು.

"ರೋಗ ಐತಿ ಅಂದ್ರು. ದೇವರ ವಿಷಯ ತಮಗ ಗೊತ್ತಿಲ್ಲಂತ, ಮೊದಲ ನಿದ್ದಿ ಮಾಡ್ರಿ ಅಂದ್ರು." ಆಮೇಲೆ ಕಿಟಕಿಯ ಹೊರಗೆ ನೋಡುತ್ತ, "ನಿನ್ನ ಹೇಣ್ತಿ ನಿನಗ ಬೈತಾಳಲ್ಲೋ ಮಾಸ್ತರ. ನನಗ ಬೈದವ್ರು ಹನ್ನೆರಡ ವರ್ಷದಿಂದೀಚೆ ಒಬ್ಬರೂ ಇಲ್ಲ," ಅಂದರು. ಹನ್ನೆರಡನೆಯ ವಯಸ್ಸಿನಿಂದ ಎಂದು ಅವರ ಲೆಕ್ಕ.

ತಿಂಗಳು ತಿಂಗಳು ಬಾಗೇವಾಡಿಯ ಔಷಧ ಅಂಗಡಿಯಲ್ಲಿ ನನ್ನ ಹೆಸರಿನ ಚೀಟಿ ತೋರಿಸಿ ಗುಳಿಗೆ ಕೊಂಡು, ಹಳೆಯ ಮಾಸಪತ್ರಿಕೆಯಲ್ಲಿ ಸುತ್ತಿ ಮಠಕ್ಕೆ ಮುಟ್ಟಿಸಿದೆ. ದೀಪಾವಳಿ ಹೊತ್ತಿಗೆ ಅವರು ಶೇಂಗಾ ತಿನ್ನತೊಡಗಿದರು. ಸಂಕ್ರಾಂತಿಗೆ ಹೋದಾಗ, "ನಿಮ್ಮವ್ವ ಹೆಂಗದಾಳ?" ಎಂದು ನನ್ನನ್ನೇ ಕೇಳಿದರು. ನಮ್ಮವ್ವ ತೀರಿ ಆರು ವರ್ಷವಾಗಿತ್ತು. ಅದನ್ನು ನೆನಪಿಸಿದಾಗ ಅವರು ನಕ್ಕರು. ಆ ನಗು ಕೇಳಿ ಎಷ್ಟೋ ದಿನವಾಗಿತ್ತು. ಜನ ಮಾತ್ರ, ಅನುಷ್ಠಾನದ ಫಲ, ಮುಖದ ತೇಜಸ್ಸು ನೋಡ್ರಿ ಅಂದರು.

ಅವರಿಗೆ ತೇಜಸ್ಸು ಬಂದ ಹಾಗೆ ನನಗೆ ಹೆಸರು ಬಂತು. ಅಂಗಡಿಯಿಂದ ಓಣಿಗೆ, ಓಣಿಯಿಂದ ಶಾಲೆಯ ಸ್ಟಾಫ್ ರೂಮಿಗೆ ಸುದ್ದಿ ಹೋಯಿತು. ಕನ್ನಡ ಮಾಸ್ತರ ಹುಚ್ಚಿನ ಗುಳಿಗೆ ನುಂಗುತ್ತಾನೆ. ನಾನು ತರಗತಿಯಲ್ಲಿ ಸ್ವಲ್ಪ ದನಿ ಎತ್ತರಿಸಿದರೆ ಪಕ್ಕದ ಮಾಸ್ತರರು ಬಂದು ಇಣುಕುತ್ತಿದ್ದರು. ಅದೇ ಹೊತ್ತಿಗೆ ಮಗಳಿಗೆ ಇಂಡಿಯಿಂದ ಒಂದು ಸಂಬಂಧ ಬಂದಿತ್ತು. ನಿಂಬೆ ತೋಟದ ಮನೆ, ಹುಡುಗ ಕಾಲೇಜಿನಲ್ಲಿ ಪಾಠ ಹೇಳುವವನು. ಮಗಳಿಗೂ ಅವನು ಮನಸ್ಸಿಗೆ ಬಂದಿದ್ದ. ಮಾತು ಮುಗಿದು ದಿನ ನೋಡುವುದೊಂದು ಉಳಿದಿತ್ತು. ಹುಡುಗನ ತಾಯಿ ಫೋನು ಮಾಡಿದರು.

"ತಪ್ಪ ತಿಳೀಬ್ಯಾಡ್ರಿ. ತಲಿ ರೋಗ ಮನಿತನದಾಗ ಇಳೀತೈತ್ರಿ. ನಮಗ ಬ್ಯಾಡ್ರಿ."

ಮಗಳು ಅಳಲಿಲ್ಲ. ಎರಡು ದಿನ ನನ್ನ ಮುಖ ನೋಡಲಿಲ್ಲ, ಅಷ್ಟೇ. ಅವಳಿಗೂ ನಾನು ನಿಜ ಹೇಳುವ ಹಾಗಿರಲಿಲ್ಲ.

ನಾನು ಸೀದಾ ಮಠಕ್ಕೆ ಹೋದೆ. ಅಪ್ಪಾವರು ಕಿಟಕಿಯ ಬಳಿ ಒಬ್ಬರೇ ಕೂತಿದ್ದರು. ಇಷ್ಟು ವರ್ಷ ಹಚ್ಚಿಕೊಂಡು ಬಂದ 'ರಿ' ನನ್ನ ಬಾಯಿಂದ ಬಿದ್ದುಹೋಯಿತು.

"ರೋಗ ನಿಂದು, ಹೆಸರ ನಂದು. ನೀ ಸುಮ್ಮ ಕುಂತ್ರ ನಿನಗ ಕಾಯಿ ಒಡೀತಾರ, ನಿನ್ನ ಗುಳಿಗಿ ನಾ ತಂದ್ರ ನನ್ನ ಮಗಳ ಲಗ್ನ ಮುರೀತಾರ. ಅವತ್ತ ಗಾದಿ ತಗೊಂಡಿ, ಇವತ್ತ ನನ್ನ ಮಾನ ತಗೊಂಡಿ. ಒಮ್ಮೆ ಕೆಳಗ ಇಳದು ಮಂದಿ ಮುಂದ ಹೇಳ, ಹುಚ್ಚ ನಾನು ಅಂತ."

ಮಗಳಿಗಾಗಿ ಹೇಳಿದೆ ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅರ್ಧ ಅದು ಸುಳ್ಳು. ಅವರು ಇಳಿಯುವುದನ್ನು ನೋಡಬೇಕಾಗಿತ್ತು ನನಗೆ. ಅವರು ಕೇಳಿಸಿಕೊಂಡು, "ಬೈದೀಯಲ್ಲ, ಚಲೋ ಆತು. ಊಟಾ ಮಾಡಿ ಹೋಗು," ಅಂದರು. ನಾನು ಊಟ ಮಾಡದೆ ಬಂದೆ.

ಶ್ರಾವಣದ ಪ್ರವಚನ ಮುಗಿಯುವ ದಿನ ಅಂಗಳ ತುಂಬ ಜನ. ಸುತ್ತಲಿನ ತಾಲೂಕುಗಳ ಭಕ್ತರೆಲ್ಲ ಬಂದಿದ್ದರು. ಮಠದ ಹಳೆಯ ಭಕ್ತರಾದ ಆ ಇಂಡಿಯ ಮನೆಯವರೂ ಇದ್ದರು. ನಾನು ಮೈಕು ಹಿಡಿದು 'ಪರಮಪೂಜ್ಯರಿಂದ ಆಶೀರ್ವಚನ' ಎಂದು ಕರೆದೆ. ಅವರು ಗಾದಿಯಿಂದ ಇಳಿದು ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡು ನೆಲದ ಮೇಲೆಯೇ ನಿಂತರು.

"ಒಂದ ವರ್ಷ ಆತು, ನಾ ಗುಳಿಗಿ ತಗೊಳಾಕತ್ತೇನಿ," ಅಂದರು. "ಮನಸಿನ ರೋಗದ ಗುಳಿಗಿ. ಚೀಟಿ ಮ್ಯಾಲ ನಮ್ಮ ಮಾಸ್ತರ ಹೆಸರೈತಿ, ರೋಗ ನಂದು. ಹೋದ ವರ್ಷ ನಾ ಮಾತು ಬಿಟ್ಟಾಗ ನೀವು ಅನುಷ್ಠಾನ ಅಂತ ಕಾಯಿ ಒಡದ್ರಿ. ಅದು ಅನುಷ್ಠಾನ ಆಗಿದ್ದಿಲ್ಲ. ನನಗ ಮಾತಾಡಾಕ ಆಗ್ತಿದ್ದಿಲ್ಲ. ಬದುಕೂದು ಬ್ಯಾಡಾಗಿತ್ತು. ಮಾಸ್ತರು ತಮ್ಮ ಅಂಗಿ ತೊಡಿಸಿ ದವಾಖಾನಿಗೆ ಕರಕೊಂಡ ಹೋದ್ರು, ಅದಕ್ಕ ಇಲ್ಲಿ ನಿಂತೇನಿ. ಇಂಥಾವ್ರು ಗಾದಿ ಮ್ಯಾಲ ಬ್ಯಾಡ ಅಂದ್ರ ಹೇಳ್ರಿ, ಇಳೀತೇನಿ."

ಗೌಡರು ಎದ್ದು ಹೆಗಲ ಮೇಲಿನ ವಲ್ಲಿ ಝಾಡಿಸಿ ಹೊರಗೆ ನಡೆದರು, ಅವರ ಹಿಂದೆ ಕಮಿಟಿಯ ನಾಲ್ಕೈದು ಜನ. ಪಾದಪೂಜೆಗೆ ಹೆಸರು ಬರೆಸಿದ್ದ ಹತ್ತು ಮನೆಯವರು ಅಲ್ಲಿಯೇ ಬೇಡ ಅಂದರು. ನಾನು ಬಯಸಿದ್ದು ಕಣ್ಣ ಮುಂದೆಯೇ ನಡೆಯಿತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮಠದ ಹಿಂದೆ ಹೋಗಿ ನೀರಿನ ಟಾಕಿಗೆ ಒರಗಿ ಅತ್ತುಬಿಟ್ಟೆ.

ಎಂಟು ದಿನದ ಮೇಲೆ ಇಂಡಿಯ ಆ ತಾಯಿ ಮಠಕ್ಕೆ ಬಂದರು. ಜೊತೆಗೆ ಅವರ ಕಿರಿಯ ಮಗನಿದ್ದ. ಅವನು ಎರಡು ವರ್ಷದಿಂದ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲವಂತೆ. ಯಾರೋ ಮಾಟ ಮಾಡಿಸಿದ್ದಾರೆ ಎಂದು ಗುಟ್ಟಾಗಿ ಇಟ್ಟುಕೊಂಡಿದ್ದರು. ತಲೆಯ ರೋಗ ಎಂದರೆ ಆ ಮನೆ ಯಾಕೆ ಅಷ್ಟು ಹೆದರಿತ್ತು ಎಂದು ಆಗ ತಿಳಿಯಿತು. ಅಪ್ಪಾವರು ಅವನಿಗೆ, "ನಿದ್ದಿ ಬರ್ತೈತೇನಪಾ?" ಎಂದು ಕೇಳಿದರು. ಅವನನ್ನು ಬಸ್ಸು ಹತ್ತಿಸಿ, ಈ ಸಲ ಕಾವಿಯಲ್ಲಿಯೇ, ತಾವೇ ವಿಜಯಪುರಕ್ಕೆ ಕರೆದುಕೊಂಡು ಹೋದರು. ಮುಂದೆ ಅದೇ ಅವರ ಕೆಲಸವಾಯಿತು. ಪಾದ ತೊಳೆಯುವವರು ಕಡಿಮೆಯಾದರು; ಕೋಣೆಯಲ್ಲಿ ಕೂತವರನ್ನು ಕೈಹಿಡಿದು ಕರೆತರುವವರು ಹೆಚ್ಚಾದರು. ಗೌಡರೂ ಎರಡು ವರ್ಷ ಬಿಟ್ಟು ತಮ್ಮ ತಂಗಿಯನ್ನು ಕರೆದುಕೊಂಡು ಬಂದರು. ಮಗಳ ಲಗ್ನ ಇಂಡಿಯ ಆ ಹುಡುಗನ ಜೊತೆಗೇ ಆಯಿತು.

ಒಮ್ಮೆ ನಾನು ಕೇಳಿದೆ, "ಈಗ ಪೂಜಾದಾಗ ಏನರ ಬರ್ತೈತೇನ್ರಿ?"

"ನಿದ್ದಿ ಬಂತು, ಹಸಿವು ಬಂತು. ಅವ ಇನ್ನೂ ಬಂದಿಲ್ಲೋ. ಒಂದೊಂದ ದಿನ ಬಂದಂಗ ಆಗ್ತೈತಿ, ಹೋಗ್ತೈತಿ. ಗುಳಿಗಿ ನನ್ನ ಎಬ್ಬಿಸಿ ಕುಂಡ್ರಸೇತಿ. ಕಾಯೂದು ನನ್ನ ಕೆಲಸ."

ಇಷ್ಟು ವರ್ಷ ದೇವರಾದರೂ ನನ್ನ ಕಡೆ ಇದ್ದಾನೆ ಎಂದುಕೊಂಡಿದ್ದೆ. ಬಾರದವನಿಗಾಗಿ ದಿನಾ ಕೂರುವ ಈ ಮನುಷ್ಯನ ಮುಂದೆ ನನ್ನ ಹದಿನೈದು ನಿಮಿಷದ ಕಣ್ಣೀರು ಅಗ್ಗವಾಗಿ ಕಂಡಿತು. ಅದೂ ಹೋಯಿತು ನನ್ನ ಕೈಯಿಂದ.

ಹೋದ ವರ್ಷ ಅಪ್ಪಾವರು ಮಧ್ಯಾಹ್ನದ ಊಟ ಮುಗಿಸಿ ಮಲಗಿದವರು ಏಳಲಿಲ್ಲ. ಹೃದಯ ನಿಂತಿತ್ತು. ಕೂರಿಸಿ ಸಮಾಧಿ ಮಾಡುವಾಗ ಹೆಂಗಸೊಬ್ಬಳು, "ನನ್ನ ಮಗನ್ನ ಉಳಿಸಿಕೊಟ್ಟ ಹೋದ್ಯೋ ಎಪ್ಪಾ," ಎಂದು ಅತ್ತಳು. ಬಂದ ಜನವನ್ನು ನೋಡಿ, ನಾನು ಸತ್ತರೆ ಇದರಲ್ಲಿ ಎಷ್ಟು ಜನ ಬಂದಾರು ಎಂದು ಅಲ್ಲಿಯೂ ಲೆಕ್ಕ ಹಾಕಿದೆ.

ಇಂಡಿಯಲ್ಲಿ ಮಗಳ ಮನೆಯ ದೇವರ ಜಗಲಿಯ ಮೇಲೆ ಈಗ ಅವರ ಫೋಟೋ ಇದೆ. ಈಚೆಗೆ ಹೋದಾಗ ಮೊಮ್ಮಗಳು, ಇವರು ಯಾರು ಎಂದು ಅವ್ವನನ್ನು ಕೇಳಿದಳು.

"ಇವರು ಅಪ್ಪಾರು. ನಿಮ್ಮ ಅಜ್ಜನ ಗೆಳೆಯಾರು," ಅಂದಳು ಮಗಳು.

ಅವರ ಬಗ್ಗೆ ನಾನು ಯಾವತ್ತೂ ಆ ಮಾತು ಆಡಿರಲಿಲ್ಲ. ಅವರೇ ಮಗಳ ಮುಂದೆ ಯಾವಾಗಲೋ ಹಾಗೆ ಹೇಳಿಕೊಂಡಿರಬೇಕು, ನನಗೆ ಹೇಳಿರಲಿಲ್ಲ. ನಾನು ಎದ್ದು ಕಾಲು ತೊಳೆದು ಬಂದು ಜಗಲಿಯ ಮುಂದೆ ಪೂರ್ತಿ ಬಗ್ಗಿದೆ.